ಗಂಜಿ ಕುಡಿದ ಮಷೀನು

ಸುಗುಣಮ್ಮನಿಗೆ ವಾಷಿಂಗ್ ಮಷೀನು ಮೊದಲ ದಿನವೇ ಸೇರಲಿಲ್ಲ. ಸೊಸೆ ಪ್ರಶಾಂತಿಯ ತವರಿನವರು ಮದುವೆಗೆ ಕೊಟ್ಟದ್ದು. ಗದ್ವಾಲದಿಂದ ಟ್ರಾಲಿ ಆಟೋದಲ್ಲಿ, ಬೀರುವಿನ ಜೊತೆ ಹಗ್ಗ ಕಟ್ಟಿಸಿಕೊಂಡು ಬಂದಿತ್ತು. ಒಂದು ಕಡೆ ಒಗೆಯುವ ತೊಟ್ಟಿ, ಇನ್ನೊಂದು ಕಡೆ ಗರಗರ ತಿರುಗಿಸಿ ನೀರು ಹಿಂಡುವ ಡ್ರೈಯರು. ಹಿತ್ತಲಿನ ತಗಡಿನ ಕೆಳಗೆ ಅದನ್ನು ಇಳಿಸಿದಾಗ ನಾರಾಯಣಪೇಟೆಯ ಆ ಓಣಿಯೆಲ್ಲ ಬಂದು ನೋಡಿತು. ಸುಗುಣಮ್ಮ ಮಾತ್ರ ಒಗೆಯುವ ಕಲ್ಲಿನ ಹತ್ತಿರದಿಂದ ಏಳಲಿಲ್ಲ.

"ಬಟ್ಟಿಗೆ ತಲಿ ತಿರುಗ್ತೈತಿ ಅದರಾಗ. ನನ್ನ ಸೀರಿ ನಾನ ಒಕ್ಕೋತೀನಿ," ಅಂದಳು.

ಗಂಡ ಮಾರ್ಕಂಡೇಯ ನಕ್ಕ. "ಆ ಕಲ್ಲನ್ನೊಂದು ಮಾತು ಕೇಳು. ಅದಕ್ಕೂ ನಿನ್ನ ಕೈಯಾಗ ಸಾಕಾಗಿರಬೇಕು."

ಸುಗುಣಮ್ಮನ ಕೆಲಸ ನೂಲಿನದು. ಮಗ್ಗ ಗಂಡಸರು ನೇಯುತ್ತಾರೆ, ಸೀರೆಯ ಹೆಸರು ಊರಿಗೆ ಹೋಗುತ್ತದೆ. ನೂಲಿಗೆ ಗಂಜಿ ಹಾಕುವವಳನ್ನು ಯಾರೂ ಕೇಳುವುದಿಲ್ಲ. ಎಳೆ ಹರಿದು ಮಗ್ಗ ನಿಂತಾಗ ಮಾತ್ರ ಕೇಳುತ್ತಾರೆ. ಅಕ್ಕಿ ಕುದಿಸಿ, ಸೋಸಿ, ಒಂದೀಟು ಶೇಂಗಾ ಎಣ್ಣೆ ಬಿಟ್ಟು, ಆ ಗಂಜಿಯಲ್ಲಿ ನೂಲಿನ ಲಡಿ, ಅಂದರೆ ಸುತ್ತಿದ ನೂಲಿನ ಕಟ್ಟು, ಅದ್ದಬೇಕು. ಅದ್ದುವುದು ಸುಲಭ. ಹಿಂಡುವುದೇ ಕಷ್ಟ. ಲಡಿಯ ಒಂದು ತುದಿ ಒಬ್ಬರು, ಇನ್ನೊಂದು ತುದಿ ಇನ್ನೊಬ್ಬರು ಹಿಡಿದು, ಎದುರುಬದುರು ನಿಂತು ತಿರುವಬೇಕು. ಗಂಜಿ ಹೆಚ್ಚು ಉಳಿದ ಕಡೆ ಎಳೆ ಕಡ್ಡಿಯಾಗುತ್ತದೆ. ಕಡಿಮೆಯಾದ ಕಡೆ ಮೆತ್ತಗಾಗಿ ಹರಿಯುತ್ತದೆ.

ಆ ಇನ್ನೊಂದು ತುದಿ ಮಾರ್ಕಂಡೇಯನದು, ಮದುವೆಯಾದಾಗಿನಿಂದ. ಹಿಂಡುವಾಗ ಆತ ಬಾಯಿ ಮುಚ್ಚುತ್ತಿರಲಿಲ್ಲ. ಮಕ್ತಲ್ ಸಂತೆಗೆ ಎಮ್ಮೆ ಕೊಳ್ಳಲು ಹೋಗಿ ಮೇಕೆ ಹಿಡಿದುಕೊಂಡು ಬಂದವನ ಕತೆ ಹೇಳುತ್ತಿದ್ದ. ನಗು ಬರುವ ಹೊತ್ತಿಗೆ ಸರಿಯಾಗಿ ಕೈ ಸಡಿಲ ಬಿಡುತ್ತಿದ್ದ. ಗಂಜಿ ಆಕೆಯ ಮುಖಕ್ಕೆ ಸಿಡಿಯುತ್ತಿತ್ತು.

ಎರಡು ವರ್ಷದ ಹಿಂದೆ ಆತ ಸತ್ತ. ಬೆಳಗ್ಗೆ ಚಹಾ ಕುಡಿದ, ಮಗ್ಗದ ಕುಣಿಗೆ ಇಳಿದ, ಎದೆ ಹಿಡಿದುಕೊಂಡ. ಅಷ್ಟೇ. ಜನ ಹೋದ ಅನ್ನುತ್ತಾರೆ. ಸುಗುಣಮ್ಮ ಸತ್ತ ಅಂತಲೇ ಅನ್ನುತ್ತಾಳೆ. ಹೋದವರು ತಿರುಗಿ ಬರುತ್ತಾರೆ.

ಮಗ ಶ್ರೀನಾಥ ಅದೇ ಮಗ್ಗಕ್ಕೆ ಕೂತ. ಹಿತ್ತಲಿನ ಗೋಡೆಗೆ ಒಂದು ಗೂಟ ಹೊಡೆದು ಕೊಟ್ಟ. ಲಡಿಯನ್ನು ಗೂಟಕ್ಕೆ ಹಾಕಿ ಒಬ್ಬಳೇ ಹಿಂಡಬಹುದು. ಗೂಟ ಸಡಿಲ ಬಿಡುವುದಿಲ್ಲ. ಮಾತೂ ಆಡುವುದಿಲ್ಲ. ಕೆಲವು ತಿಂಗಳಲ್ಲಿ ಆಕೆಯ ಮಣಿಕಟ್ಟು ಬಾತುಕೊಂಡಿತು.

"ಬಿಡವ್ವ," ಅಂದ ಶ್ರೀನಾಥ. "ಗಂಜಿ ಹಾಕಿದ ನೂಲು ಗದ್ವಾಲದಾಗ ತಯಾರ ಸಿಗ್ತೈತಿ. ತರ್ತೀನಿ. ನೀ ಕುಂತು ಉಣ್ಣು."

ಕುಂತು ಉಣ್ಣುವುದು ಸುಗುಣಮ್ಮನಿಗೆ ಬೇಡ. ಕೂತರೆ ನೆನಪು ಬರುತ್ತದೆ, ಉಂಡದ್ದು ಗಂಟಲಲ್ಲಿ ನಿಲ್ಲುತ್ತದೆ. ಕೈಯಲ್ಲಿ ನೂಲಿದ್ದರೆ ಹೊತ್ತು ಮುಳುಗುತ್ತದೆ. ಇಷ್ಟನ್ನು ಮಗನಿಗೆ ಹೇಳಲು ಆಕೆಗೆ ಬರಲಿಲ್ಲ. "ತಯಾರ ನೂಲಿಗೆ ಏನು ಬಳೀತಾರೋ ಯಾರಿಗೆ ಗೊತ್ತು," ಅಂದು ಕೈಗೆ ಬಟ್ಟೆ ಸುತ್ತಿಕೊಂಡಳು.

ಒಂದು ಮಧ್ಯಾಹ್ನ ಕೈ ಪೂರ್ತಿ ಸೋತಿತು. ಪ್ರಶಾಂತಿ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗಿದ್ದಳು. ಶ್ರೀನಾಥ ಮಗ್ಗದಲ್ಲಿದ್ದ. ಗಂಜಿಯಲ್ಲಿ ಅದ್ದಿದ ಲಡಿಗಳು ಬುಟ್ಟಿಯಲ್ಲಿ ನೀರು ಸುರಿಸುತ್ತ ಬಿದ್ದಿದ್ದವು. ಡ್ರೈಯರಿನ ಮುಚ್ಚಳ ತೆರೆದೇ ಇತ್ತು. ಸೊಸೆ ಅದನ್ನು ನಡೆಸುವುದನ್ನು ಆಕೆ ದಿನಾ ನೋಡುತ್ತಿದ್ದಳು, ನೋಡದವಳ ಹಾಗೆ. ಒಳಗಿದ್ದ ಮಗನ ಪ್ಯಾಂಟು ತೆಗೆದು ಹೊರಗೆ ಹಾಕಿದಳು. ಒಂದು ಲಡಿ ಒಳಗಿಟ್ಟಳು. ಕೋಳಿ ಕದಿಯುವವಳಂತೆ ಆಚೆ ಈಚೆ ನೋಡಿ, ಕಿವಿಯಂಥ ಅದರ ಗುಂಡಿ ತಿರುವಿದಳು.

ಮಷೀನು ತಿರುಗಿತು. ಕೊಳವೆಯಿಂದ ಬೆಳ್ಳಗೆ ಗಂಜಿ ಬಚ್ಚಲಿಗೆ ಹರಿಯಿತು. ಮುಚ್ಚಳ ತೆರೆದರೆ ಲಡಿ ಸುತ್ತಲೂ ಒಂದೇ ಸಮ ಹರಡಿ ಗೋಡೆಗೆ ಅಂಟಿ ಕೂತಿದೆ. ಒಂದು ಕಡೆ ಒದ್ದೆ ಇಲ್ಲ, ಒಂದು ಕಡೆ ಒಣಗಿಲ್ಲ. ಸುಗುಣಮ್ಮ ಮಷೀನಿನ ತಲೆ ಸವರಿದಳು.

"ಇಷ್ಟು ದಿನ ಬರೇ ಚಡ್ಡಿ ಹಿಂಡಕೋತ ಕುಂತಿದ್ದೆಲ್ಲೋ ಹುಚ್ಚ," ಅಂದಳು.

ಅಂದಿನಿಂದ ಅದೇ ನಡೆಯಿತು. ಸೊಸೆ ಅಂಗಡಿಗೆ ಹೋದ ಮೇಲೆ ಡ್ರೈಯರು ನೂಲಿನದು, ಸೊಸೆ ಬರುವುದರೊಳಗೆ ಒರೆಸಿಟ್ಟರೆ ಬಟ್ಟೆಯದು. ಯಾರಿಗೂ ಹೇಳಲಿಲ್ಲ. ಬಂದ ದಿನವೇ ಮಷೀನನ್ನು ಹೀಗಳೆದವಳು ಯಾವ ಬಾಯಲ್ಲಿ ಹೇಳಬೇಕು. ಅದೂ ಸೊಸೆಯ ತವರಿನ ವಸ್ತು. ಮಣಿಕಟ್ಟಿನ ಬಾವು ಇಳಿಯಿತು. ಒಳಗೆ ಮಗ್ಗದ ಸದ್ದು ಈಗ ನಿಲ್ಲುತ್ತಲೇ ಇರಲಿಲ್ಲ. ಹಿತ್ತಲಿನಲ್ಲಿ ಮಷೀನು ಗುಂಯ್ ಅನ್ನುವುದು ಕೇಳಿ ಶ್ರೀನಾಥ ಹೆಂಡತಿಗೆ ಹೇಳಿದ್ದ, "ಅವ್ವ ಈಗೀಗ ಬಟ್ಟಿ ಬಾಳ ಒಗೀತಾಳ. ಮಡಿ ಜಾಸ್ತಿ ಆಗೈತಿ."

ಒಂದು ಶನಿವಾರ ಡ್ರೈಯರು ನಿಂತಿತು. ಕಿವಿ ತಿರುವಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸುಗುಣಮ್ಮ ಒಳಗಿದ್ದ ಲಡಿ ಕಿತ್ತು ಬುಟ್ಟಿಗೆ ಹಾಕಿ, ಮೇಲೆ ಟವೆಲ್ಲು ಮುಚ್ಚಿ, ಸುಮ್ಮನಾದಳು.

ರವಿವಾರ ಬೆಳಗ್ಗೆ ಪ್ರಶಾಂತಿ ಬಟ್ಟೆ ಹಾಕಿದಾಗ ಎಲ್ಲರಿಗೂ ಗೊತ್ತಾಯಿತು. ಆಕೆ ತಾಯಿಗೆ ಫೋನು ಹಚ್ಚಿ ಚೆಡಿಪೋಯಿಂದಮ್ಮಾ ಅಂದಳು, ಕೆಟ್ಟೇಹೋಯಿತು ಅಂತ. ಆಮೇಲೆ ತೆಲುಗಿನಲ್ಲಿ ಇನ್ನೂ ಬಹಳ ಹೇಳಿದಳು.

ಶ್ರೀನಾಥ ಬಂದು ನೋಡಿ, "ವೋಲ್ಟೇಜ್ ಇಲ್ಲ," ಅಂದ.

"ಫ್ಯಾನ್ ತಿರಗಾಕ ಹತ್ತೈತಿ. ಅದಕ್ಕೆಲ್ಲಿಂದ ಬಂತು ವೋಲ್ಟೇಜ್?" ಅಂದಳು ಪ್ರಶಾಂತಿ.

ಪಕ್ಕದ ಮನೆಯ ಮಹಾಂತಮ್ಮ ಗೋಡೆಯ ಮೇಲಿನಿಂದ ಮುಖ ತೂರಿಸಿದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ರಾಯಚೂರ ಕಡೆಯಿಂದ ಸೊಸೆಯಾಗಿ ಬಂದವಳು, ಈಗ ಇಡೀ ಓಣಿಗೆ ಅತ್ತೆ.

"ದೃಷ್ಟಿ ತಾಗೈತಿ," ಅಂದಳು. "ಒಂದು ನಿಂಬಿಹಣ್ಣು ಕಟ್ರಿ."

"ಯಾರ ದೃಷ್ಟಿ ಮಾಂತಮ್ಮ? ದಿನಾ ಗ್ವಾಡಿ ಮ್ಯಾಲಿಂದ ನೋಡಾಕಿ ನೀನ ಒಬ್ಬಾಕಿ," ಅಂದಳು ಸುಗುಣಮ್ಮ.

"ಅದಕ್ಕ ಹೇಳಾಕ ಹತ್ತೀನಿ. ನನ್ನ ದೃಷ್ಟಿ ಕೆಟ್ಟದ್ದು. ನಮ್ಮ ಆಕಳಿಗೂ ತಾಗಿತ್ತು."

ಪ್ರಶಾಂತಿ ತನ್ನ ತೀರ್ಮಾನ ಹೇಳಿದಳು. ಮೋಟರು ಸುಟ್ಟಿದೆ. ಇದನ್ನು ಅಂಗಡಿಗೆ ಕೊಟ್ಟು ಎಕ್ಸ್‌ಚೇಂಜಿನಲ್ಲಿ ಹೊಸದು ತರುವುದು, ಒಂದೇ ತೊಟ್ಟಿಯದು, ತಾನೇ ಒಗೆದು ತಾನೇ ಹಿಂಡುವುದು. ಗದ್ವಾಲದ ಅಣ್ಣ ನೋಡಿಟ್ಟಿದ್ದಾನೆ.

"ಸುಟ್ಟಿದ್ರ ವಾಸನಿ ಬರತಿತ್ತು," ಅಂದುಬಿಟ್ಟಳು ಸುಗುಣಮ್ಮ. ಎಲ್ಲರೂ ಆಕೆಯ ಕಡೆ ನೋಡಿದರು. "ಅಂದ್ರ, ನನಗೇನು ತಿಳೀತೈತಿ. ಒಮ್ಮೆ ಮೆಕ್ಯಾನಿಕ್‌ಗೆ ತೋರಸ್ರಿ. ಎಮ್ಮಿ ಹಾಲು ಕೊಡಲಿಲ್ಲಂದ್ರ ಅವತ್ತ ಮಾರ್ತಾರೇನು?"

ಮೆಕ್ಯಾನಿಕ್ ಮರುದಿನ ಬರುತ್ತೇನೆ ಅಂದ. ಅವನಿಗಿಂತ ಮುಂಚೆ ಸುಗುಣಮ್ಮ ತಾನೇ ನೋಡಿದಳು. ಮಷೀನು ಹೋದರೆ ಮತ್ತೆ ಗೂಟ, ಗೂಟ ಆಗದಿದ್ದರೆ ಗದ್ವಾಲದ ತಯಾರು ನೂಲು, ತಯಾರು ನೂಲು ಬಂದರೆ ಮೂಲೆಯಲ್ಲಿ ಕೂತು ಉಣ್ಣುವುದು. ಬಿಸಿನೀರು ಹೊಯ್ದಳು. ಡ್ರೈಯರಿನ ತಳದ ಸಂದಿಯಲ್ಲಿ ಕಡ್ಡಿ ಆಡಿಸಿದಳು. ಮೆರೂನ್ ಬಣ್ಣದ ಒಂದು ಎಳೆ ತುದಿ ಸಿಕ್ಕಿತು. ಎಳೆದಳು. ಬಂತು. ಇನ್ನೂ ಎಳೆದಳು. ಬರುತ್ತಲೇ ಇತ್ತು. ಮೊಳಕ್ಕೆ ಮೊಳ ಬಂದು, ಮೆರೂನ್ ಮುಗಿದು ಗಿಣಿಹಸಿರು ಶುರುವಾಯಿತು. ಅದು ಹೋದ ತಿಂಗಳಿನ ಸೀರೆಯ ಬಣ್ಣ.

"ಅಯ್ಯ ನಿನ್ನ, ಎಲ್ಲಾ ನುಂಗಿಯೇನು," ಅಂದಳು.

"ಯಾರ ಜೋಡಿ ಮಾತಾಡ್ತಿ ಸುಗುಣಕ್ಕ?" ಗೋಡೆಯ ಆಚೆಯಿಂದ ಮಹಾಂತಮ್ಮ ಕೇಳಿದಳು.

"ಬೆಕ್ಕಿನ ಜೋಡಿ."

ಎಳೆಯನ್ನೆಲ್ಲ ಉಂಡೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಕಿವಿ ತಿರುವಿದಳು. ಗುಂಯ್ ಅಂದಿತು. ತಿರುಗಲಿಲ್ಲ.

ಮೆಕ್ಯಾನಿಕ್ ಉದಯಕುಮಾರ ಮಕ್ತಲ್ ಕಡೆಯವನು. ಫ್ರಿಜ್ಜು, ಮಿಕ್ಸಿ, ಬೋರಿನ ಮೋಟರು ಎಲ್ಲಕ್ಕೂ ಅವನೇ. ಬಂದವನೇ ಚಹಾ ಕೇಳಿದ. ಚಹಾ ಕುಡಿಯುತ್ತ ಮಷೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಪ್ರಶಾಂತಿ ಅಂಗಡಿಗೆ ರಜೆ ಹೇಳಿ ನಿಂತಿದ್ದಳು. ಮಹಾಂತಮ್ಮ ಈ ಸಲ ಗೋಡೆ ಬಿಟ್ಟು ಬಾಗಿಲಿನಿಂದಲೇ ಬಂದಿದ್ದಳು. ಶ್ರೀನಾಥ ಮಗ್ಗದಿಂದ ಏಳಲಿಲ್ಲ, ಅಲ್ಲಿಂದಲೇ ಕೂಗಿ ಕೇಳುತ್ತಿದ್ದ.

"ಏನಂತೈತೋ ಉದಯಾ?"

"ಗುಂಯ್ ಅಂತೈತಿ ಅಣ್ಣಾ. ಸದ್ದು ಬಂತಂದ್ರ ಜೀವ ಐತಿ ಅಂತ." ಪ್ಲಗ್ಗು ಕಿತ್ತ. ಕೈ ಒಳಗೆ ಹಾಕಿ ಡ್ರೈಯರಿನ ಬುಟ್ಟಿ ತಿರುವಿ ನೋಡಿದ. ಅಲುಗಲಿಲ್ಲ. "ಮೋಟರು ಎಳೀತೈತಿ. ಕೆಳಗ ಯಾವುದೋ ಹಿಡಕೊಂಡೈತಿ. ಗಂಡ ಹೊರಗ ಹೋಗ್ತೀನಂತಾನ, ಹೆಂಡ್ತಿ ಅಂಗಿ ಹಿಡಕೊಂಡಾಳ. ಹಂಗ."

ಹಿಂದಿನ ತಗಡು ಬಿಚ್ಚಿದ. ಬಗ್ಗಿ ಬ್ಯಾಟರಿ ಬಿಟ್ಟು ನೋಡಿದ. ಸುಗುಣಮ್ಮ ಸೊಂಟದ ಉಂಡೆಯ ಮೇಲೆ ಸೆರಗು ಎಳೆದುಕೊಂಡಳು.

"ಬ್ರೇಕ್ ಹಿಡದೈತಿ," ಅಂದ. "ಮುಚ್ಚಳ ತೆಗೆದ ಕೂಡ್ಲೆ ಬುಟ್ಟಿ ನಿಲ್ಲಾಕ ಒಂದು ಬ್ರೇಕ್ ಇರ್ತೈತಿ. ಅದು ಅಂಟಿ ಕುಂತೈತಿ. ಮ್ಯಾಲಿನ ರಬ್ಬರ್ ಸೀಲ್ ಹೋಗಿ, ಅಲ್ಲಿಂದ ಏನೋ ಸೋರಿ ಸೋರಿ ಕಲ್ಲಾಗೈತಿ." ಸ್ಕ್ರೂ ಡ್ರೈವರಿನಿಂದ ಕೆತ್ತಿದ. ಬೆಳ್ಳಗಿನ ಒಂದು ಚೂರು ಅಂಗೈಗೆ ಬಿತ್ತು. ಉಗುಳು ಹಚ್ಚಿ ತಿಕ್ಕಿ ಮೂಸಿದ. "ಅಕ್ಕಾ, ಇದರಾಗ ದ್ವಾಸಿ ಹಿಟ್ಟು ರುಬ್ಬಿರೇನು?"

"ನಾನ್ಯಾಕ ರುಬ್ಬಲಿ?" ಅಂದಳು ಪ್ರಶಾಂತಿ.

"ಮತ್ತ ಗಂಜಿ ಎಲ್ಲಿಂದ ಬಂತು? ಸೀರಿಗೆ ಗಂಜಿ ಬಾಳ ಹಾಕ್ತೀರಿ ನೀವು. ಸೀರಿ ಉಡಬೇಕು, ನಿಲ್ಲಸಬಾರದು."

"ನಾ ಉಡೋದು ಚೂಡಿದಾರ. ನಮ್ಮ ಮನಿಯಾಗ ಯಾರೂ ಸೀರಿಗೆ ಗಂಜಿ ಹಾಕಂಗಿಲ್ಲ."

"ತವರಿನ ಸಾಮಾನು ಅಂತ ಜ್ವಾಪಾನ ಮಾಡಬೇಕವ್ವ," ಅಂದಳು ಮಹಾಂತಮ್ಮ. "ಈಗಿನ ಹುಡುಗ್ಯಾರಿಗೆ ಏನು ಕೊಟ್ರೂ ಅಷ್ಟ."

ಪ್ರಶಾಂತಿಯ ಮುಖ ಕೆಂಪಾಯಿತು. ಸುಗುಣಮ್ಮ ಅದನ್ನು ನೋಡಿದಳು. ಸೊಸೆ ಜಗಳಗಂಟಿ ಹೌದು, ಸುಳ್ಳಿ ಅಲ್ಲ. ಮಾಡದ ತಪ್ಪಿಗೆ ಆಕೆಯನ್ನು ನಿಲ್ಲಿಸಿ ತಾನು ಸುಮ್ಮನಿರುವುದು ಆಗಲಿಲ್ಲ. ಸೊಂಟದಿಂದ ಉಂಡೆ ತೆಗೆದು ಮಷೀನಿನ ಮೇಲೆ ಇಟ್ಟಳು. ಮೆರೂನ್, ಗಿಣಿಹಸಿರು, ಒಂದೀಟು ಅರಿಶಿಣ.

"ಆಕೀ ಅಲ್ಲ. ನಾನ. ನೂಲಿನ ಲಡಿ ಇದರಾಗ ಹಿಂಡತಿದ್ದೆ. ಗಂಜಿ ನೂಲಿಂದು."

ಮಹಾಂತಮ್ಮ ಬಗ್ಗಿ ಉಂಡೆಯನ್ನು ನೋಡಿದಳು.

ಒಳಗೆ ಮಗ್ಗದ ಸದ್ದು ನಿಂತಿತು. ಶ್ರೀನಾಥ ಕುಣಿಯಿಂದ ಎದ್ದು, ಕೈಯಲ್ಲಿ ಲಾಳಿ ಹಿಡಿದೇ ಹಿತ್ತಲಿಗೆ ಬಂದ.

"ಎಷ್ಟು ದಿನದಿಂದವ್ವ?"

"ಆತು ಬಾಳ ದಿನ. ಕೈ ಬಾತಾಗಿಂದ."

ಅವನು ಲಾಳಿಯನ್ನು ನೋಡಿದ, ಮಷೀನನ್ನು ನೋಡಿದ. ಆಮೇಲೆ ನಗಲು ಶುರುಮಾಡಿದ. ನಗುತ್ತ ಗೋಡೆಗೆ ಒರಗಿದ.

"ಅದಕ್ಕ," ಅಂದ. "ಅದಕ್ಕ ಎಳಿ ಹರೀವಲ್ದು. ಸೀರಿ ಕೊಳ್ಳೋ ಸಾವುಕಾರ ಕೇಳ್ತಾನ, ಏನಪ್ಪ ಈಗೀಗ ನಿನ್ನ ಸೀರಿಯಾಗ ಒಂದು ಗಂಟಿಲ್ಲ ಅಂತ. ನನ್ನ ಕೈ ಕುಂತೈತಿ ಅಂತ ಹೇಳಿ ಬಂದೀನಿ ನಾನು. ಅಪ್ಪ ಇದ್ದಾಗನೂ ಇಷ್ಟು ಸಮ ಇರಲಿಲ್ಲ ನೂಲು."

"ಅಪ್ಪ ಮಾತಾಡತಿದ್ದ," ಅಂದಳು ಸುಗುಣಮ್ಮ. "ಅದಕ್ಕ ಸಮ ಇರತಿರಲಿಲ್ಲ."

ಹೇಳಿ ಆಕೆಗೂ ನಗು ಬಂತು. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಸೆರಗಿನಿಂದ ಎರಡನ್ನೂ ಒಟ್ಟಿಗೆ ಒರೆಸಿಕೊಂಡಳು.

ಉದಯಕುಮಾರ ಲೋಟ ಕೆಳಗಿಟ್ಟ. "ನಗೋದು ಆಮ್ಯಾಲ. ಈಗ ನನ್ನ ಮಾತು ಕೇಳ್ರಿ. ಸೀಲ್ ಹೊಸದು, ಬ್ರೇಕ್ ಹೊಸದು ಹಾಕಬೇಕು. ಸಾಮಾನು ರಾಯಚೂರಿಂದ ತರಸಬೇಕು. ಹಾಕಿದ ಮ್ಯಾಲ ಮತ್ತ ಗಂಜಿ ಬಿಟ್ರ ಮತ್ತ ಹಿಂಗ. ಇದನ್ನ ಕೊಟ್ಟು ಹೊಸದು ತಗೊಳ್ಳೋದು ಚಲೋ."

"ಹೊಸದರಾಗ ಲಡಿ ತಿರಗತಾವೇನು?" ಸುಗುಣಮ್ಮ ಕೇಳಿದಳು.

"ತಿರಗತಾವ ಅಮ್ಮಾರ. ಆದ್ರ ಆ ಗಂಜಿ ಅದರ ಪಂಪಿನಾಗ ಹೋತಂದ್ರ ಫೋನ್ ಮಾಡಬ್ಯಾಡ್ರಿ. ನಾ ಎತ್ತಂಗಿಲ್ಲ."

ಸುಗುಣಮ್ಮ ಸೊಸೆಯ ಕಡೆ ನೋಡಿದಳು. ಎಲ್ಲರೂ ಆಕೆಯ ಕಡೆಯೇ ನೋಡಿದರು. ವಸ್ತು ಆಕೆಯದು. ರಿಪೇರಿಯೋ ಹೊಸದೋ, ಹೇಳಬೇಕಾದವಳು ಆಕೆ. ಪ್ರಶಾಂತಿ ನೂಲಿನ ಉಂಡೆ ಎತ್ತಿ ಕೈಯಲ್ಲಿ ತಿರುಗಿಸಿದಳು.

"ನನಗ ಯಾಕ ಕೇಳಲಿಲ್ಲ ಅತ್ತೀ?"

"ಕೇಳಿದ್ರ ಕೊಡತಿದ್ದೇನು?"

ಪ್ರಶಾಂತಿ ಯೋಚನೆ ಮಾಡಿದಳು. "ಇಲ್ಲ," ಅಂದಳು.

"ಅದಕ್ಕ ಕೇಳಲಿಲ್ಲ."

"ಮತ್ತ ನನ್ನ ಬಿಳಿ ದುಪಟ್ಟಾ ಗುಲಾಬಿ ಆಗಿದ್ದು? ಅಂಗಡಿಯವನ ಜೋಡಿ ಜಗಳಾಡಿ ಬಂದೆ ನಾನು, ಬಣ್ಣ ಬಿಡೋ ಚೂಡಿದಾರ ಕೊಟ್ಟಿ ಅಂತ."

"ಅದೂ ನಾನ. ಆದ್ರ ಯವ್ವ, ಗುಲಾಬಿ ನಿನಗ ಒಪ್ಪತೈತಿ."

ಮಹಾಂತಮ್ಮ ತಡೆಯಲಾರದೆ ಕಿಸಕ್ಕನೆ ನಕ್ಕಳು. ಪ್ರಶಾಂತಿ ತುಟಿ ಬಿಗಿ ಹಿಡಿದಳು, ಹಿಡಿದದ್ದು ನಿಲ್ಲಲಿಲ್ಲ. ಉಂಡೆಯನ್ನು ಅತ್ತೆಯ ಕೈಗೆ ಕೊಟ್ಟು ಮೆಕ್ಯಾನಿಕ್ ಕಡೆ ತಿರುಗಿದಳು.

"ರಿಪೇರಿ ಮಾಡ್ರಿ ಅಣ್ಣಾ. ಡ್ರೈಯರ್ ಇನ್ನ ಮುಂದ ನೂಲಿಂದು. ಅಂಗಡಿಯವ ಈ ಹಳೇದನ್ನ ತಗೊಂಡು ನನಗೇನು ಕೊಡ್ತಾನ? ಇವರಿಗೆ ಇದು ಕೈ ಇದ್ದಂಗ." ಆಮೇಲೆ ಗಂಡನ ಕಡೆ ತಿರುಗಿದಳು. "ನನಗ ಹೊಸದು ಬೇಕ. ನಿನ್ನ ಕೈ ಕುಂತೈತಲ್ಲ, ನೇಯಿ. ತಾ."

"ಅಲ್ಲೀತನ ಬಟ್ಟಿ?" ಅಂದ ಶ್ರೀನಾಥ.

"ಒಗಿಯೋ ತೊಟ್ಟಿ ನೆಟ್ಟಗೈತಿ. ಹಿಂಡೋದು ಕೈಲೆ. ನಿನ್ನ ಪ್ಯಾಂಟ್ ನೀನ ಹಿಂಡಕೋ."

ಸುಗುಣಮ್ಮ ಒಳಗೆ ಹೋಗಿ ಎಲ್ಲರಿಗೂ ಮತ್ತೊಮ್ಮೆ ಚಹಾ ಇಟ್ಟಳು. ಸಕ್ಕರೆ ಎರಡು ಸಲ ಹಾಕಿದ್ದಾಳೆ ಅಂತ ಕುಡಿದ ಮೇಲೆ ಗೊತ್ತಾಯಿತು.

ರಾಯಚೂರಿನಿಂದ ಸಾಮಾನು ಬಸ್ಸಿನಲ್ಲಿ ಬಂತು. ಉದಯಕುಮಾರ ಬಂದು ಸೀಲು ಹಾಕಿದ, ಬ್ರೇಕು ಹಾಕಿದ, ಹಳೆಯ ಗಂಜಿಯನ್ನೆಲ್ಲ ಕೆತ್ತಿ ಒಂದು ಪೇಪರಿನ ಮೇಲೆ ರಾಶಿ ಹಾಕಿ ತೋರಿಸಿದ. "ಇಷ್ಟು ಗಂಜಿಗೆ ಒಬ್ಬ ಬಾಣಂತಿ ತಿಂಗಳು ಬದಕತಿದ್ಲು ಅಮ್ಮಾರ," ಅಂದ. ಎರಡು ಮಾತು ಹೇಳಿಕೊಟ್ಟ. ಪ್ರತಿ ಸಲ ಮುಗಿದ ಮೇಲೆ ಬಿಸಿನೀರು ಬಿಟ್ಟು ಒಮ್ಮೆ ಬರಿದೇ ತಿರುಗಿಸಬೇಕು. ಲಡಿಗಳನ್ನು ಹಾಗೇ ಹಾಕಬಾರದು, ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಹಾಕಬೇಕು, ಎಳೆ ಹೊರಗೆ ಹೋಗಬಾರದು.

ಚೀಲಕ್ಕೆ ತೆಳ್ಳಗಿನ, ಗಟ್ಟಿ ಬಟ್ಟೆ ಬೇಕಿತ್ತು. ಸುಗುಣಮ್ಮ ಟ್ರಂಕು ತೆರೆದಳು. ಮಾರ್ಕಂಡೇಯನ ನೀಲಿ ಚೌಕಳಿ ಲುಂಗಿ ಅಡಿಯಲ್ಲಿ ಮಡಿಸಿ ಇಟ್ಟಿತ್ತು. ಎರಡು ವರ್ಷದಿಂದ ಆಗಾಗ ತೆಗೆದು, ಮೂಸಿ, ಮತ್ತೆ ಇಡುತ್ತಿದ್ದಳು. ಈಗ ಅದರಲ್ಲಿ ಟ್ರಂಕಿನ ವಾಸನೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಾಗಿಲಲ್ಲಿ ಕೂತು ಕತ್ತರಿಸಿ, ಎರಡು ಚೀಲ ಹೊಲಿದಳು. ಬಾಯಿಗೆ ಲಾಡಿ ಹಾಕಿದಳು. ಪ್ರಶಾಂತಿ ನೋಡಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಮರುದಿನದಿಂದ ಕೆಲಸ ಶುರು. ಈಗ ಕದ್ದು ಮಾಡುವುದಿಲ್ಲ. ನೀಲಿ ಚೌಕಳಿ ಚೀಲ ಗರಗರ ತಿರುಗುತ್ತದೆ, ಗಂಜಿ ಬಚ್ಚಲಿಗೆ ಹೋಗುತ್ತದೆ, ಸುಗುಣಮ್ಮ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಅದರ ಜೊತೆ ಹರಟೆ ಹೊಡೆಯುತ್ತಾಳೆ. ಹಿಂಡುವಾಗ ಮಾತಾಡಿದರೂ ಈಗ ನೂಲು ಸಮ ಬರುತ್ತದೆ.

ಒಂದು ದಿನ ಮಹಾಂತಮ್ಮ ಹೊದೆಯುವ ಕೌದಿಯನ್ನು ನೆನೆದದ್ದೇ ಹೊತ್ತುಕೊಂಡು ಬಂದಳು. ನೀರು ಬಾಗಿಲಿನಿಂದ ಹಿತ್ತಲಿನವರೆಗೆ ದಾರಿ ಹಿಡಿದಿತ್ತು.

"ಸುಗುಣಕ್ಕ, ಇದನ್ನೊಂದೀಟು ತಿರುವಿ ಕೊಡು. ಕೈ ಹರಕೊಂಡು ಬರಾಕ ಹತ್ಯಾವ."

"ಒಲ್ಲೆ," ಅಂದಳು ಸುಗುಣಮ್ಮ.

"ಯಾಕ?"

"ಇದು ನೂಲಿನ ಮಷೀನು. ಬಟ್ಟಿ ಹಾಕಿದ್ರ ಕೆಡ್ತೈತಿ."

ಮಹಾಂತಮ್ಮ ಕೌದಿಯನ್ನು ಒಗೆಯುವ ಕಲ್ಲಿನ ಮೇಲೆ ದೊಪ್ಪೆಂದು ಹಾಕಿದಳು. "ಕೇಳ್ರೆವ್ವ. ಬಟ್ಟಿ ಮಷೀನಿಗೆ ಬಟ್ಟಿ ಹಾಕಿದ್ರ ಕೆಡ್ತೈತಂತ. ಗಂಜಿ ಕುಡಿಸಿದ್ರ ದುಂಡಗಾಗ್ತೈತಂತ."

ಒಳಗಿನಿಂದ ಶ್ರೀನಾಥ ಕೂಗಿದ, "ಅವ್ವಾ, ಹಸಿರು ಮುಗೀತು. ಎಲ್ಲೈತಿ?"

"ತಡಿಯೋ, ತಿರಗಾಕ ಹತ್ತೈತಿ. ನಿನಗ ಅವಸರ ಬಾಳ," ಅಂದು ಸುಗುಣಮ್ಮ ಮುಂದಿನ ಚೀಲದ ಲಾಡಿ ಬಿಗಿದಳು.